ಕನ್ನಡ ಟೈಪಿಂಗ್ ಲೈಬ್ರರಿ ಆ್ಯಪ್‌ನೊಳಗೆ ಕೂರ್ತಿಲ್ಲ ಅಂದ್ರೆ ಎಲ್ಲಿಂದ ಹುಡುಕೋದು

ಇವತ್ತು ಒಂದೇ ಒಂದು ಲೈಬ್ರರಿ ಇಟ್ಕೊಂಡು ಮಾತಾಡ್ತೀನಿ. ಜೆಕ್ವೆರಿ ಡಾಟ್ ಐಎಂಇ ಅಂತ, ಜೆಕ್ವೆರಿ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿ ಮೇಲೆ ಕೂರೋ ಪ್ಲಗಿನ್. ವಿಕಿಮೀಡಿಯದ ಭಾಷಾ ತಂಡದವ್ರು ಮಾಡಿದ್ದು, ಓಪನ್ ಸೋರ್ಸ್. ಕನ್ನಡ ವಿಕಿಪೀಡಿಯದಲ್ಲಿ ಎಡಿಟ್ ಮಾಡಿದವ್ರಿಗೆ ಗೊತ್ತಿರತ್ತೆ, ಕಂಟ್ರೋಲ್ ಎಂ ಒತ್ತಿದ್ರೆ ಇಂಗ್ಲಿಷ್ ಕೀಬೋರ್ಡಲ್ಲೇ ಕನ್ನಡ ಬರತ್ತಲ್ಲ, ಅದರ ಹಿಂದೆ ಇರೋದು ಇದೇ. ಕನ್ನಡಕ್ಕೆ ಲಿಪ್ಯಂತರಣ ಇದೆ, ಇನ್‌ಸ್ಕ್ರಿಪ್ಟ್ ಇದೆ, ಕೆಜಿಪಿ ಅನ್ನೋ ಹೆಸರಲ್ಲಿ ನಮ್ಮ ನುಡಿ ಕೀಲಿಮಣೆ ವಿನ್ಯಾಸವೂ ಇದೆ, ಅಂದ್ರೆ ಕೆ.ಪಿ. ರಾವ್ ಅವ್ರ ವಿನ್ಯಾಸದ ದಾರಿಯದ್ದು.

ಯಾಕೆ ಇದನ್ನೇ ತಗೊಂಡೆ ಅಂದ್ರೆ, ಸಹಕಾರ ಸಂಘದ್ದೋ, ಶಾಲೆದೋ, ಪಂಚಾಯ್ತಿಗೆ ಸಂಬಂಧಪಟ್ಟಿದ್ದೋ ಒಂದು ವೆಬ್ ಫಾರ್ಮ್ ಮಾಡಿ ಕೊಡ್ತೀರಿ ಅಂತಿಟ್ಕೊಳ್ಳಿ, ಅಲ್ಲಿ ಕೌಂಟರ್‌ನಲ್ಲಿ ಕೂತವ್ರ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋ ಪರ್ಮಿಷನ್ ಇರಲ್ಲ, ಹಾಗಾಗಿ ಕನ್ನಡ ಟೈಪಿಂಗ್ ಪೇಜ್ ಒಳಗೇ ಬರ್ಬೇಕು. ಸದಸ್ಯರ ಹೆಸರು, ಊರು, ಅರ್ಜಿಯ ವಿವರ ಎಲ್ಲಾ ಕನ್ನಡದಲ್ಲೇ ಬೇಕು. ಇದು ನಿಜವಾದ ಅಗತ್ಯ. ಅದಕ್ಕೆ ಒಂದು ಸ್ಕ್ರಿಪ್ಟ್ ಲೈಬ್ರರಿ ತಂದು ಸೇರಿಸ್ತೀರಿ, ಡೆಮೋ ಪೇಜಲ್ಲಿ ಚೆನ್ನಾಗಿ ಓಡತ್ತೆ, ನಿಮ್ಮ ಆ್ಯಪ್‌ನಲ್ಲಿ ಓಡಲ್ಲ.

ನಾನು ಹೇಳೋಕೆ ಹೊರಟಿರೋದು ಇಷ್ಟೇ. ಡೆಮೋದಲ್ಲಿ ಓಡಿದ ಲೈಬ್ರರಿ ನಿಮ್ಮಲ್ಲಿ ಓಡಲಿಲ್ಲ ಅಂದ್ರೆ ಲೈಬ್ರರಿ ಒಳಗಿನ ಕೋಡ್ ಓದೋಕೆ ಹೋಗೋ ಮುಂಚೆ, ಫೈಲ್ ಬಂತಾ, ಬಂದಿದ್ದು ಓಡ್ತಾ, ಓಡಿದ್ದು ನೀವು ಹುಡುಕ್ತಿರೋ ಜಾಗದಲ್ಲೇ ಹೋಗಿ ಕೂತ್ಕೊಂಡಿದ್ಯಾ, ಆ ಬಾಕ್ಸ್ ಆ ಹೊತ್ತಿಗೆ ಪೇಜಲ್ಲಿ ಇತ್ತಾ, ಇದನ್ನ ಇದೇ ಆರ್ಡರ್‌ನಲ್ಲಿ ನೋಡ್ಕೊಂಡು ಬನ್ನಿ. ಮಧ್ಯದಿಂದ ಶುರು ಮಾಡಿದ್ರೆ ಇಡೀ ದಿನ ಹೋಗತ್ತೆ.

ಮೊದಲು ಬ್ರೌಸರ್ ತನ್ನ ಎರರ್‌ಗಳನ್ನ ತೋರಿಸೋ ಕನ್ಸೋಲ್ ಓಪನ್ ಮಾಡಿ. ಎಫ್ 12. ತುಂಬ ಜನ ಕೊನೇ ಕೆಂಪು ಸಾಲು ಓದ್ತಾರೆ, ಯಾಕಂದ್ರೆ ಕಣ್ಣಿಗೆ ಬೀಳೋದು ಅದು. ಓದ್ಬೇಕಾಗಿರೋದು ಮೊದಲನೇದು. ಕೆಳಗಿನ ಹತ್ತು ಸಾಲೂ ಅದರ ಪರಿಣಾಮ ಆಗಿರ್ತವೆ. "ಡಾಲರ್ ಈಸ್ ನಾಟ್ ಡಿಫೈನ್ಡ್" ಅಂತ ಬಂದ್ರೆ ಜೆಕ್ವೆರಿನೇ ಬಂದಿಲ್ಲ ಅಥವಾ ಇನ್ನೂ ಬಂದಿಲ್ಲ. "ಐಎಂಇ ಈಸ್ ನಾಟ್ ಎ ಫಂಕ್ಷನ್" ಅಂತ ಬಂದ್ರೆ ಜೆಕ್ವೆರಿ ಇದೆ, ಪ್ಲಗಿನ್ ಅದಕ್ಕೆ ಅಂಟ್ಕೊಂಡಿಲ್ಲ. ಇವೆರಡೂ ಒಂದೇ ಥರ ಕಾಣ್ಸತ್ವೆ, ಆದ್ರೆ ಹುಡುಕೋ ಜಾಗ ಬೇರೆ ಬೇರೆ.

"ಇನ್ನೂ ಬಂದಿಲ್ಲ" ಅಂದ್ನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಪೇಜ್ ಸ್ಪೀಡ್ ಸ್ಕೋರ್ ಕಮ್ಮಿ ಬಂತು ಅಂತ ಯಾರೋ ಎಲ್ಲಾ ಸ್ಕ್ರಿಪ್ಟ್ ಟ್ಯಾಗ್‌ಗೂ ಡಿಫರ್ ಅಂತ ಸೇರಿಸ್ತಾರೆ. ಡಿಫರ್ ಹಾಕಿದ ಫೈಲ್‌ಗಳು ಬರೆದ ಆರ್ಡರ್‌ನಲ್ಲೇ ಓಡ್ತವೆ, ಆದ್ರೆ ಪೇಜ್ ಪೂರ್ತಿ ಓದಿ ಆದ್ಮೇಲೆ. ಪೇಜ್ ಮಧ್ಯದಲ್ಲಿ ನೇರವಾಗಿ ಬರೆದಿರೋ ಸ್ಕ್ರಿಪ್ಟ್ ಇದ್ಯಲ್ಲ, ಅದಕ್ಕೆ ಡಿಫರ್ ಅನ್ವಯ ಆಗಲ್ಲ, ಅದು ಕಂಡ ತಕ್ಷಣ ಓಡಿಬಿಡತ್ತೆ, ಅಷ್ಟೊತ್ತಿಗೆ ಜೆಕ್ವೆರಿ ಇರಲ್ಲ. ಅಸಿಂಕ್ ಹಾಕಿದ್ರಂತೂ ಆರ್ಡರ್ರೇ ಇಲ್ಲ, ಯಾವುದು ಮೊದಲು ಡೌನ್‌ಲೋಡ್ ಆಗತ್ತೋ ಅದು ಮೊದಲು. ಅದಕ್ಕೇ ಆಫೀಸ್ ನೆಟ್‌ನಲ್ಲಿ ಸರಿ ಇರೋದು ಊರಿನ ನೆಟ್‌ನಲ್ಲಿ ಕೆಡತ್ತೆ, ರಿಫ್ರೆಶ್ ಮಾಡಿದ್ರೆ ಮತ್ತೆ ಸರಿ ಹೋಗತ್ತೆ. ಒಂದ್ಸಲ ಬಂದು ಒಂದ್ಸಲ ಬರದೇ ಇರೋ ದೋಷ ಯಾರಾದ್ರೂ ಹೇಳಿದ್ರೆ ನಾನು ಮೊದಲು ಹುಡುಕೋದು ಅಸಿಂಕ್ ಅನ್ನೋ ಪದಾನ. ಒಂದರ ಮೇಲೊಂದು ಅವಲಂಬಿಸಿರೋ ಫೈಲ್‌ಗಳಿಗೆ ಅಸಿಂಕ್ ಹಾಕ್ಲೇಬೇಡಿ.

ಇನ್ನೊಂದು, ಇದು ಹೊರಗಿಂದ ಗೊತ್ತೇ ಆಗಲ್ಲ. ಜೆಕ್ವೆರಿ 3.0 ಬಂದಾಗ, 2016ರಲ್ಲಿ, ಸ್ಲಿಮ್ ಅಂತ ಒಂದು ಚಿಕ್ಕ ಆವೃತ್ತಿನೂ ಬಂತು. ಅದರಲ್ಲಿ ಏಜಾಕ್ಸ್ ಇಲ್ಲ, ಅಂದ್ರೆ ಪೇಜ್ ತೆರೆದಿರುವಾಗ್ಲೇ ಸರ್ವರ್‌ನಿಂದ ಇನ್ನೊಂದು ಫೈಲ್ ತರೋ ಸೌಲಭ್ಯ ಇಲ್ಲ, ಅನಿಮೇಷನ್ ಇಲ್ಲ. ಪೇಜ್ ವಿನ್ಯಾಸಕ್ಕೆ ಬಳಸೋ ಬೂಟ್‌ಸ್ಟ್ರ್ಯಾಪ್ 4ರ ಸ್ಟಾರ್ಟರ್ ಟೆಂಪ್ಲೇಟ್‌ನಲ್ಲಿ ಇದ್ದಿದ್ದು ಈ ಸ್ಲಿಮ್ಮೇ. ಎಷ್ಟೋ ಸಣ್ಣ ಪ್ರಾಜೆಕ್ಟ್‌ಗಳು ಆ ಟೆಂಪ್ಲೇಟ್ ಕಾಪಿ ಮಾಡ್ಕೊಂಡೇ ಶುರುವಾಗಿದ್ದು, ಅವುಗಳ ಒಳಗೆ ಸ್ಲಿಮ್ ಹಾಗೇ ಕೂತಿದೆ. ಈಗ ನಮ್ಮ ಟೈಪಿಂಗ್ ಲೈಬ್ರರಿ ನೋಡಿ, ಅದರ ಮುಖ್ಯ ಫೈಲ್‌ನಲ್ಲಿ ಕನ್ನಡದ ನಿಯಮಗಳು ಇರಲ್ಲ. ನೂರಾರು ಕೀಲಿಮಣೆ ವಿನ್ಯಾಸ ಇರೋದ್ರಿಂದ ಎಲ್ಲಾನೂ ಒಟ್ಟಿಗೆ ತುಂಬಿದ್ರೆ ಭಾರ ಆಗತ್ತೆ, ಹಾಗಾಗಿ ರೂಲ್ಸ್ ಅನ್ನೋ ಫೋಲ್ಡರ್ ಬೇರೆ ಇದೆ, ನೀವು ಕನ್ನಡ ಆರಿಸ್ಕೊಂಡಾಗ ಮಾತ್ರ ಆ ಫೈಲ್ ಜೆಕ್ವೆರಿಯ ಏಜಾಕ್ಸ್ ಮೂಲಕ ಬರತ್ತೆ. ಸ್ಲಿಮ್‌ನಲ್ಲಿ ಏಜಾಕ್ಸ್ ಇಲ್ವಲ್ಲ. ಪ್ಲಗಿನ್ ಸರಿಯಾಗಿ ಲೋಡ್ ಆಗತ್ತೆ, ಬಾಕ್ಸ್ ಹತ್ರ ಪುಟ್ಟ ಕೀಬೋರ್ಡ್ ಚಿಹ್ನೆನೂ ಕಾಣ್ಸತ್ತೆ, ಮೆನುನಲ್ಲಿ ಕನ್ನಡ ಒತ್ತಿದ ಕ್ಷಣಕ್ಕೆ ಎಡವತ್ತೆ. ಫೈಲ್ ಹೆಸರಲ್ಲಿ ಸ್ಲಿಮ್ ಅಂತಿದ್ಯಾ ನೋಡಿ, ಇದ್ರೆ ಪೂರ್ತಿ ಆವೃತ್ತಿ ಹಾಕಿ, ಅಷ್ಟೇ.

ಪೂರ್ತಿ ಆವೃತ್ತಿ ಹಾಕಿದ್ರೂ ಕನ್ನಡ ಬರ್ತಿಲ್ಲ ಅಂದ್ರೆ ಈ ರೂಲ್ಸ್ ಫೋಲ್ಡರ್ ಕಡೆನೇ ಇನ್ನಷ್ಟು ನೋಡ್ಬೇಕು, ಯಾಕಂದ್ರೆ ನನ್ನ ಪ್ರಕಾರ ಅರ್ಧಕ್ಕರ್ಧ ತೊಂದರೆ ಇಲ್ಲೇ ಇರೋದು. ಲೈಬ್ರರಿಗೆ ಐಎಂಇ ಪಾತ್ ಅಂತ ಒಂದು ಆಪ್ಷನ್ ಇದೆ. ಅದರ ಡೀಫಾಲ್ಟ್ ಎರಡು ಚುಕ್ಕಿ ಒಂದು ಓರೆ ಗೆರೆ (ಸ್ಲ್ಯಾಶ್), ಅಂದ್ರೆ "ಒಂದು ಫೋಲ್ಡರ್ ಮೇಲೆ ಹೋಗು" ಅಂತ. ಯಾವುದರಿಂದ ಮೇಲೆ? ಸ್ಕ್ರಿಪ್ಟ್ ಫೈಲ್ ಇರೋ ಜಾಗದಿಂದ ಅಲ್ಲ, ಬ್ರೌಸರ್‌ನಲ್ಲಿ ಈಗ ತೆರೆದಿರೋ ಪೇಜಿನ ವಿಳಾಸದಿಂದ. ಡೆಮೋ ಪೇಜ್ ಇರೋ ಫೋಲ್ಡರ್‌ಗೆ ಅದು ಸರಿ ಹೊಂದತ್ತೆ. ನಿಮ್ಮ ಆ್ಯಪ್‌ನಲ್ಲಿ ಹೊಸ ಸದಸ್ಯರ ಪೇಜ್ ಒಂದು ಹಂತದಲ್ಲಿರತ್ತೆ, ಎಡಿಟ್ ಪೇಜ್ ಮೂರು ಹಂತ ಕೆಳಗಿರತ್ತೆ, ಹಾಗಾಗಿ ಒಂದು ಪೇಜಲ್ಲಿ ಕನ್ನಡ ಬರತ್ತೆ ಇನ್ನೊಂದ್ರಲ್ಲಿ ಬರಲ್ಲ. ಪಾತ್ ಯಾವಾಗ್ಲೂ ಆ ಓರೆ ಗೆರೆಯಿಂದ ಶುರುವಾಗೋ ಹಾಗೆ, ಸೈಟಿನ ಬುಡದಿಂದ ಕೊಡಿ.

ನೆಟ್‌ವರ್ಕ್ ಟ್ಯಾಬ್ ತೆಗೆದು ನೋಡಿದ್ರೆ 404, ಅಂದ್ರೆ ಫೈಲ್ ಸಿಗ್ಲಿಲ್ಲ ಅಂತ, ಇರತ್ತೆ, ಕಂಡುಹಿಡೀಬಹುದು ಅಂತೀರಿ. 404 ಬಂದ್ರೆ ಪುಣ್ಯ. ಈಗಿನ ಸಿಂಗಲ್ ಪೇಜ್ ಆ್ಯಪ್‌ಗಳಲ್ಲಿ ಸರ್ವರ್‌ಗೆ ಒಂದು ಸೆಟ್ಟಿಂಗ್ ಇರತ್ತೆ, ಗೊತ್ತಿಲ್ಲದ ಯಾವ ವಿಳಾಸ ಕೇಳಿದ್ರೂ ಇಂಡೆಕ್ಸ್ ಪೇಜನ್ನೇ ಕಳ್ಸು ಅಂತ. ನಿಯಮದ ಫೈಲ್ ಕೇಳಿದಾಗ್ಲೂ ಅದು ಎಚ್‌ಟಿಎಂಎಲ್ ಪೇಜ್ ಕಳ್ಸತ್ತೆ, ಸ್ಟೇಟಸ್ 200, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಎಲ್ಲಾ ಸುಸೂತ್ರ. ಕನ್ಸೋಲ್‌ನಲ್ಲಿ ಮಾತ್ರ "ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಅಂತ ಬಂದು ಪಕ್ಕದಲ್ಲಿ ಕೋನದ ಬ್ರಾಕೆಟ್ ಚಿಹ್ನೆ ತೋರಿಸತ್ತೆ. ಆ ಚಿಹ್ನೆ ಎಚ್‌ಟಿಎಂಎಲ್ ಫೈಲಿನ ಮೊದಲ ಅಕ್ಷರ. ಕ್ರೋಮ್‌ನಲ್ಲಿ ಆ ಸಾಲಿನ ಬಲಗಡೆ ಫೈಲ್ ಹೆಸರು ಇರೋ ಬದಲು ವಿಎಂ ಅಂತ ಶುರುವಾಗೋ ನಂಬರ್ ಇರತ್ತೆ, ಜೆಕ್ವೆರಿ ಬಂದಿದ್ದನ್ನ ಪಠ್ಯವಾಗಿ ತಗೊಂಡು ಓಡಿಸಿದ್ದರ ಗುರುತು ಅದು. ಹಾಗಾಗಿ ಸ್ಟೇಟಸ್ ಒಂದನ್ನೇ ನಂಬಬೇಡಿ, ಆ ರಿಕ್ವೆಸ್ಟ್ ಮೇಲೆ ಕ್ಲಿಕ್ ಮಾಡಿ ರೆಸ್ಪಾನ್ಸ್‌ನಲ್ಲಿ ಒಳಗೇನಿದೆ ಅಂತ ಕಣ್ಣಾರೆ ನೋಡಿ. ಕನ್ನಡ ಅಕ್ಷರ ಇರೋ ಪಟ್ಟಿ ಕಾಣ್ಬೇಕು.

ಕನ್ನಡ ಅಕ್ಷರದ ಬದಲು ಇಂಗ್ಲಿಷ್ ಎ ತಲೆ ಮೇಲೊಂದು ಓರೆ ಗೀಟು ಇರೋ ಚಿಹ್ನೆ ಸಾಲು ಸಾಲಾಗಿ ಕಂಡ್ರೆ ಅದು ಬೇರೆ ಕಥೆ. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಎಲ್ಲದರ ಮೊದಲನೇ ಬೈಟೂ ಒಂದೇ, ಅದನ್ನ ಹಳೇ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿ ಓದಿದ್ರೆ ಈ ಗೀಟಿನ ಎ ಆಗತ್ತೆ. ಫೈಲ್ ಸರಿಯಾಗಿದೆ, ಸರ್ವರ್ ಕ್ಯಾರೆಕ್ಟರ್ ಸೆಟ್ ಹೇಳ್ತಿಲ್ಲ ಅಥವಾ ತಪ್ಪು ಹೇಳ್ತಿದೆ ಅಂತ ಅರ್ಥ. ಪೇಜಿನ ತಲೆಯಲ್ಲಿ ಮತ್ತು ಸರ್ವರ್ ಹೆಡರ್‌ನಲ್ಲಿ ಎರಡೂ ಕಡೆ ಯುಟಿಎಫ್ 8 ಅಂತ ಹೇಳಿಸಿ.

ಬಂಡ್ಲರ್, ಅಂದ್ರೆ ಹಲವು ಫೈಲ್‌ಗಳನ್ನ ಒಟ್ಟಿಗೆ ಕಟ್ಟೋ ಸಾಧನ, ಬಳಸೋರಿಗೆ ಒಂದು ಮಾತು. ವೆಬ್‌ಪ್ಯಾಕ್, ವೀಟ್ ಇವೆಲ್ಲ ನೀವು ಇಂಪೋರ್ಟ್ ಮಾಡಿದ ಫೈಲ್‌ಗಳನ್ನ ಮಾತ್ರ ಕಟ್ಟಿ ಕೊಡ್ತವೆ. ಓಡೋ ಹೊತ್ತಲ್ಲಿ ಹೆಸರು ಜೋಡಿಸ್ಕೊಂಡು ತರೋ ನಿಯಮದ ಫೈಲ್ ಅವುಗಳ ಕಣ್ಣಿಗೆ ಬೀಳಲ್ಲ, ಬಿಲ್ಡ್ ಆದ ಫೋಲ್ಡರ್‌ನಲ್ಲಿ ಅದು ಇರೋದೇ ಇಲ್ಲ. ವೀಟ್‌ನಲ್ಲಾದ್ರೆ ಪಬ್ಲಿಕ್ ಫೋಲ್ಡರ್‌ಗೆ ರೂಲ್ಸ್ ಹಾಕಿದ್ರೆ ಹಾಗಾಗೇ ಕಾಪಿ ಆಗತ್ತೆ. ಹಾಗೇ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ನೋಡ್ಕೊಳ್ಳಿ, ವಿಂಡೋಸ್ ಸುಮ್ನಿರತ್ತೆ, ಲಿನಕ್ಸ್ ಸರ್ವರ್ ಸುಮ್ನಿರಲ್ಲ.

ಸೆಕ್ಯುರಿಟಿ ಪಾಲಿಸಿ, ಅಂದ್ರೆ ಪೇಜಲ್ಲಿ ಯಾವ ಸ್ಕ್ರಿಪ್ಟ್ ಓಡಬಹುದು ಅಂತ ಬ್ರೌಸರ್‌ಗೆ ಹೇಳೋ ನಿಯಮ, ಬಿಗಿ ಇರೋ ಕಡೆ ಇನ್ನೊಂದು ತಡೆ ಬರತ್ತೆ. ಜೆಕ್ವೆರಿ 3 ನಮ್ಮದೇ ಡೊಮೇನ್‌ನ ಸ್ಕ್ರಿಪ್ಟ್‌ನ ಏಜಾಕ್ಸ್‌ನಲ್ಲಿ ತಂದಾಗ ಅದರ ಪಠ್ಯಾನ ಒಂದು ಇನ್‌ಲೈನ್ ಸ್ಕ್ರಿಪ್ಟ್ ಮಾಡಿ ಓಡಿಸತ್ತೆ. ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯಲ್ಲಿ ಇನ್‌ಲೈನ್‌ಗೆ ಅವಕಾಶ ಇಲ್ಲದಿದ್ರೆ ಬ್ರೌಸರ್ ಅದನ್ನ ಓಡಿಸೋಕೆ ಒಪ್ಪಲ್ಲ. ಇಲ್ಲಿ ಎಷ್ಟೋ ಜನ ಪಾಲಿಸಿನೇ ಸಡಿಲ ಮಾಡ್ಬಿಡ್ತಾರೆ. ದಯವಿಟ್ಟು ಮಾಡ್ಬೇಡಿ, ಜನರ ಹೆಸರು ವಿಳಾಸ ತುಂಬೋ ಫಾರ್ಮ್ ಅದು. ನಿಮಗೆ ಬೇಕಾಗಿರೋದು ಕನ್ನಡದ ಒಂದೋ ಎರಡೋ ನಿಯಮದ ಫೈಲ್, ಅವನ್ನ ಮುಖ್ಯ ಲೈಬ್ರರಿ ಆದ್ಮೇಲೆ ಮಾಮೂಲಿ ಸ್ಕ್ರಿಪ್ಟ್ ಟ್ಯಾಗ್‌ನಲ್ಲೇ ಹಾಕಿ. ಮೊದಲೇ ನೋಂದಣಿ ಆಗಿದ್ರೆ ಲೈಬ್ರರಿ ಮತ್ತೆ ತರೋಕೆ ಹೋಗಲ್ಲ.

ಸೆಕ್ಯುರಿಟಿ ಮಾತು ಬಂತಲ್ಲ, ಸ್ವಲ್ಪ ಪಕ್ಕಕ್ಕೆ ಹೋಗಿ ಬರ್ತೀನಿ. ಲೈಬ್ರರಿನ ಬೇರೆಯವ್ರ ಸಿಡಿಎನ್‌ನಿಂದ, ಅಂದ್ರೆ ಫೈಲ್ ಹಂಚೋ ಸರ್ವರ್ ಜಾಲದಿಂದ, ನೇರ ತರೋದು ಸುಲಭ. ಆದ್ರೆ ಪಾಲಿಫಿಲ್ ಡಾಟ್ ಐಒ ವಿಷಯ ನೆನಪಿಸ್ಕೊಳ್ಳಿ, ವರ್ಷಗಟ್ಲೆ ಎಲ್ರೂ ನಂಬಿ ಹಾಕಿದ್ದ ವಿಳಾಸ, 2024ರಲ್ಲಿ ಆ ಡೊಮೇನ್ ಬೇರೆಯವ್ರ ಕೈಗೆ ಹೋಗಿ ಜೂನ್ ಹೊತ್ತಿಗೆ ಅದೇ ವಿಳಾಸದಿಂದ ಕೆಟ್ಟ ಕೋಡ್ ಬರ್ತಿದೆ ಅಂತ ಬಯಲಾಯ್ತು, 1 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ಆ ಸ್ಕ್ರಿಪ್ಟ್ ಇತ್ತು. ಸೈಟಿನವ್ರು ಒಂದಕ್ಷರ ಬದಲಾಯಿಸಿರ್ಲಿಲ್ಲ. ಸಿಡಿಎನ್ ಬಳಸ್ಲೇಬೇಕು ಅಂದ್ರೆ ಇಂಟೆಗ್ರಿಟಿ ಹ್ಯಾಶ್ ಹಾಕಿ, ಫೈಲ್ ಬದಲಾಗಿದ್ರೆ ಬ್ರೌಸರ್ ಅದನ್ನ ಓಡಿಸಲ್ಲ, ಜೊತೆಗೆ ಕ್ರಾಸ್ಒರಿಜಿನ್ ಆಟ್ರಿಬ್ಯೂಟೂ ಇರ್ಲಿ. ನನ್ನ ಅಭಿಪ್ರಾಯ ಕೇಳಿದ್ರೆ ಇಂಥ ಫಾರ್ಮ್‌ಗಳಿಗೆ ಫೈಲ್ ನಿಮ್ಮ ಸರ್ವರ್‌ನಲ್ಲೇ ಇಟ್ಕೊಳ್ಳೋದು ಸರಿ.

ಸರಿ, ಫೈಲ್ ಬಂತು, ಓಡ್ತು. ಆದ್ರೂ "ಐಎಂಇ ಈಸ್ ನಾಟ್ ಎ ಫಂಕ್ಷನ್". ಆಗ ಪೇಜ್ ಸೋರ್ಸ್‌ನಲ್ಲಿ ಜೆಕ್ವೆರಿ ಅಂತ ಹುಡುಕಿ. ಪ್ಲಗಿನ್ ಬಿಟ್ಟು ಜೆಕ್ವೆರಿಯ ಮುಖ್ಯ ಫೈಲೇ ಎರಡು ಸಲ ಸಿಕ್ಕಿದ್ರೆ ಕಾರಣ ಸಿಕ್ತು. ಮೇಲೆ ಹೆಡರ್ ಟೆಂಪ್ಲೇಟ್‌ನಲ್ಲಿ ಒಂದು, ಕೆಳಗೆ ಯಾವುದೋ ಸ್ಲೈಡರ್ ಜೊತೆ ಬಂದಿದ್ದು ಇನ್ನೊಂದು. ಪ್ಲಗಿನ್ ಮೊದಲನೇದಕ್ಕೆ ಅಂಟ್ಕೊಂಡಿತ್ತು, ಎರಡನೇದು ಬಂದು ಡಾಲರ್ ಅನ್ನೋ ಹೆಸರನ್ನ ತಾನು ತಗೊಂಡ್ಬಿಡ್ತು. ಬಾಡಿಗೆದಾರ ಬದಲಾದ ಮನೆಗೆ ಹಳಬರ ಪಾರ್ಸೆಲ್ ಕೇಳ್ಕೊಂಡು ಹೋದ ಹಾಗೆ, ವಿಳಾಸ ಸರಿ, ವಸ್ತು ಇರೋದು ಹೋದವ್ರ ಹತ್ರ. ಕನ್ಸೋಲ್‌ನಲ್ಲಿ ಡಾಲರ್ ಡಾಟ್ ಎಫ್ಎನ್ ಡಾಟ್ ಜೆಕ್ವೆರಿ ಅಂತ ಬರೆದು ಎಂಟರ್ ಒತ್ತಿ, ಈಗ ಚಾಲ್ತಿಯಲ್ಲಿರೋದು ಯಾವ ಆವೃತ್ತಿ ಅಂತ ಹೇಳತ್ತೆ. ನೀವು ಹಾಕಿದ್ದು 3 ಆಗಿ ಅದು 1.8 ಅಂತ ತೋರಿಸಿದ್ರೆ ಬೇರೆ ಸಾಕ್ಷಿ ಬೇಕಾಗಿಲ್ಲ. ಒಂದನ್ನ ತೆಗೀರಿ. ಹಳೇ ಸ್ಲೈಡರ್ ಹೊಸ ಜೆಕ್ವೆರಿಯಲ್ಲಿ ಓಡಲ್ಲ ಅಂದ್ರೆ, 1.9ರಲ್ಲೇ ತೆಗೆದುಹಾಕಿದ ಲೈವ್, ಬ್ರೌಸರ್ ಇಂಥವನ್ನ ಅದು ಬಳಸ್ತಿರತ್ತೆ, ಜೆಕ್ವೆರಿ 3ರ ಮೈಗ್ರೇಟ್ ಪ್ಲಗಿನ್ ಅವನ್ನ ವಾಪಸ್ ತರಲ್ಲ, ಹಾಗಾಗಿ ಸ್ಲೈಡರನ್ನೇ ಬದಲಾಯಿಸಿ.

ಈಗ ಬಾಕ್ಸ್ ವಿಷಯ. ಮೊದಲ ಪೇಜಿನ ಬಾಕ್ಸ್‌ಗಳಲ್ಲಿ ಕನ್ನಡ ಬರತ್ತೆ, "ನಾಮಿನಿ ಸೇರಿಸಿ" ಒತ್ತಿದಾಗ ತೆರೆಯೋ ಪಾಪ್‌ಅಪ್‌ನಲ್ಲಿ ಬರಲ್ಲ. ಯಾಕಂದ್ರೆ ನೀವು ಪೇಜ್ ಲೋಡ್ ಆದಾಗ ಅಲ್ಲಿದ್ದ ಬಾಕ್ಸ್‌ಗಳಿಗೆ ಮಾತ್ರ ಪ್ಲಗಿನ್ ಕಟ್ಟಿದ್ರಿ, ಪಾಪ್‌ಅಪ್‌ನ ಬಾಕ್ಸ್ ಆಗ ಹುಟ್ಟೇ ಇರ್ಲಿಲ್ಲ. ಸೆಟ್ ಟೈಮ್‌ಔಟ್ ಹಾಕಿ ಒಂದು ಸೆಕೆಂಡ್ ಕಾಯೋದು ಪರಿಹಾರ ಅಲ್ಲ. ಪೇಜಿನ ಬಾಡಿ ಟ್ಯಾಗ್‌ಗೆ ಒಂದೇ ಒಂದು ಫೋಕಸ್ ಹ್ಯಾಂಡ್ಲರ್ ಹಾಕಿ, ಯಾವ ಬಾಕ್ಸ್ ಮೇಲೆ ಕರ್ಸರ್ ಬರತ್ತೋ ಅದಕ್ಕೆ ಆಗ ಪ್ಲಗಿನ್ ಕಟ್ಟಿ. ವಿಕಿಪೀಡಿಯದಲ್ಲೂ ಹೀಗೇ ಮಾಡಿರೋದು, ಆಮೇಲೆ ಎಷ್ಟು ಪಾಪ್‌ಅಪ್ ಬಂದ್ರೂ ತಲೆಬಿಸಿ ಇಲ್ಲ.

ಪೇಜಿನ ಬಾಕ್ಸ್‌ಗಳನ್ನ ತಾನೇ ನಿಭಾಯಿಸೋ ರಿಯಾಕ್ಟ್ ಅನ್ನೋ ಲೈಬ್ರರಿಯಲ್ಲಿ ಇದನ್ನ ಹಾಕೋರಿಗೆ ಇನ್ನೂ ವಿಚಿತ್ರವಾದ ಅನುಭವ ಆಗತ್ತೆ. ಟೈಪ್ ಮಾಡಿದ್ರೆ ಕನ್ನಡ ಕಾಣ್ಸತ್ತೆ, ಪಕ್ಕದ ಬಾಕ್ಸ್‌ಗೆ ಹೋಗಿ ಒಂದಕ್ಷರ ಒತ್ತಿದ್ರೆ ಹಿಂದಿನ ಬಾಕ್ಸ್ ಖಾಲಿ. ಏನಾಗ್ತಿದೆ ನೋಡಿ. ಲಿಪ್ಯಂತರಣದಲ್ಲಿ ನೀವು ಕೆ ಕೀ ಒತ್ತಿದಾಗ ಲೈಬ್ರರಿ ಆ ಕೀಯನ್ನ ತಡೆದು ತಾನೇ ಬಾಕ್ಸ್‌ಗೆ "ಕ್" ಅಂತ ಬರೀತು, ಆಮೇಲೆ ಎ ಒತ್ತಿದಾಗ ಹಲಂತ ತೆಗೆದು "ಕ" ಮಾಡ್ತು. ರಿಯಾಕ್ಟ್ ಆ ಬಾಕ್ಸ್‌ನ ವ್ಯಾಲ್ಯೂಗೆ ತನ್ನದೇ ಒಂದು ಲೆಕ್ಕ ಇಟ್ಟಿರತ್ತೆ, ಹೊರಗಿನ ಕೋಡ್ ನೇರವಾಗಿ ವ್ಯಾಲ್ಯೂ ಬರೆದ್ರೆ ಆ ಲೆಕ್ಕವೂ ಸದ್ದಿಲ್ಲದೆ ಬದಲಾಗತ್ತೆ, ಆಮೇಲೆ ಇನ್‌ಪುಟ್ ಇವೆಂಟ್ ಬಂದಾಗ "ಹಳೇದೂ ಇದೇ, ಹೊಸದೂ ಇದೇ, ಏನೂ ಬದಲಾಗಿಲ್ಲ" ಅಂತ ಆನ್‌ಚೇಂಜ್ ಕರೆಯೋದೇ ಇಲ್ಲ. ಜೆಕ್ವೆರಿಯ ಟ್ರಿಗರ್ ಬಳಸಿದ್ರಂತೂ ಆ ಸುದ್ದಿ ಜೆಕ್ವೆರಿಯಲ್ಲಿ ಕಟ್ಟಿದ ಹ್ಯಾಂಡ್ಲರ್‌ಗಳಿಗೆ ಮಾತ್ರ ಮುಟ್ಟೋದು. ಸ್ಟೇಟ್, ಅಂದ್ರೆ ರಿಯಾಕ್ಟ್ ತನ್ನ ಹತ್ರ ಇಟ್ಕೊಂಡಿರೋ ಡೇಟಾ, ಖಾಲಿಯಾಗೇ ಉಳೀತು, ಮುಂದಿನ ರೆಂಡರ್‌ನಲ್ಲಿ ರಿಯಾಕ್ಟ್ ಸ್ಟೇಟ್‌ನಲ್ಲಿರೋದನ್ನ ಬಾಕ್ಸ್‌ಗೆ ಬರೀತು, ಹೆಸರು ಮಾಯ.

ಸುಲಭದ ದಾರಿ ಅಂದ್ರೆ ಕೀಅಪ್ ಆದಾಗ ಬಾಕ್ಸ್‌ನಲ್ಲಿ ಏನಿದೆ ಅಂತ ಓದಿ ಸ್ಟೇಟ್‌ಗೆ ಹಾಕೋದು. ನನಗೆ ಇನ್ನೂ ಇಷ್ಟ ಆಗೋದು, ಇಂಥ ಬಾಕ್ಸ್‌ನ ಕಂಟ್ರೋಲ್ಡ್ ಮಾಡದೇ, ಅಂದ್ರೆ ಅದರ ವ್ಯಾಲ್ಯೂನ ರಿಯಾಕ್ಟ್ ಕೈಗೆ ಕೊಡದೇ ಬಿಡೋದು, ರೆಫ್ ಇಟ್ಕೊಂಡು ಸೇವ್ ಮಾಡುವಾಗ ಓದಿದ್ರಾಯ್ತು. ಒಂದು ಬಾಕ್ಸ್‌ಗೆ ಇಬ್ಬರು ಯಜಮಾನರು ಇದ್ರೆ ಯಾವತ್ತಾದ್ರೂ ಜಗಳ ಬಂದೇ ಬರತ್ತೆ.

ಮೊಬೈಲ್‌ನಲ್ಲಿ ಬರ್ತಿಲ್ಲ ಅಂತ ಕೇಳ್ತಾರೆ. ಬರಲ್ಲ. ಈ ಲೈಬ್ರರಿ ಕೀಪ್ರೆಸ್ ಇವೆಂಟ್ ನಂಬ್ಕೊಂಡಿದೆ, ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಸ್ಕ್ರೀನ್ ಕೀಬೋರ್ಡ್ ಯಾವ ಕೀ ಒತ್ತಿದ್ರೂ ಸಾಮಾನ್ಯವಾಗಿ 229 ಅನ್ನೋ ಒಂದೇ ಕೋಡ್ ಕಳ್ಸತ್ತೆ, ಕೀಪ್ರೆಸ್ ಬರೋದೇ ಇಲ್ಲ. ಫೋನ್‌ನಲ್ಲಿ ಹೇಗೂ ಕನ್ನಡ ಕೀಬೋರ್ಡ್ ಇರತ್ತೆ, ಅಲ್ಲಿ ಇದನ್ನ ಆಫ್ ಮಾಡಿ, ಅದರ ಹಿಂದೆ ಬೀಳೋದು ಬೇಡ.

ಇನ್ನು ಕೊನೇದು, ಇದಕ್ಕೆ ಸ್ವಲ್ಪ ಹೊತ್ತು ಕೊಡ್ತೀನಿ, ಯಾಕಂದ್ರೆ ಟೈಪಿಂಗ್ ಸರಿ ಹೋಯ್ತು ಅಂತ ಎಲ್ರೂ ಇಲ್ಲಿಗೆ ನಿಲ್ಲಿಸ್ತಾರೆ. ಸ್ಕ್ರೀನ್ ಮೇಲೆ ಸರಿಯಾಗಿ ಕಂಡಿದ್ದು ಡೇಟಾಬೇಸ್‌ಗೆ ಹಾಗೇ ಹೋಯ್ತಾ? "ಸಾಫ್ಟ್‌ವೇರ್" ಅಂತ ಬರೀವಾಗ ಟ ಹಲಂತ ಆದ್ಮೇಲೆ ವ ಒತ್ತಾಗಬಾರದು ಅಂತ ಮಧ್ಯೆ ಕಣ್ಣಿಗೆ ಕಾಣದ ಒಂದು ಸಂಕೇತ ಇರತ್ತೆ, ಜೀರೋ ವಿಡ್ತ್ ನಾನ್ ಜಾಯ್ನರ್, ಯುನಿಕೋಡ್‌ನಲ್ಲಿ ಅದರ ನಂಬರ್ 8204. "ರ‍್ಯಾಂಕ್" ಅಂತ ಬರೀವಾಗ ರ ಕೆಳಗೆ ಯ ಒತ್ತು ಬರ್ಬೇಕು ಅಂತ ಜೀರೋ ವಿಡ್ತ್ ಜಾಯ್ನರ್ ಇರತ್ತೆ, ಅದು 8205. ಅದು ಹೋದ್ರೆ ಅರ್ಕಾವೊತ್ತು ಬಂದು "ರ್ಯಾಂಕ್" ಆಗತ್ತೆ.

ಈಗ ನಿಮ್ಮ ಫಾರ್ಮ್‌ನಲ್ಲಿ ಒಬ್ರು ಎಚ್ಚರಿಕೆಯಿಂದ ವ್ಯಾಲಿಡೇಷನ್ ಬರೆದಿರ್ತಾರೆ, ಕನ್ನಡ ಅಕ್ಷರ ಮತ್ತು ಸ್ಪೇಸ್ ಬಿಟ್ಟು ಬೇರೆಲ್ಲ ತೆಗೆದುಹಾಕು ಅಂತ. ಕನ್ನಡದ ಯುನಿಕೋಡ್ ಬ್ಲಾಕ್ 3200ರಿಂದ 3327ರ ತನಕ. 8204, 8205 ಅದರಾಚೆ. ಹಾಗಾಗಿ ಅವೆರಡೂ ಯಾರಿಗೂ ಗೊತ್ತಾಗದ ಹಾಗೆ ಉದುರಿ ಹೋಗ್ತವೆ, ಯಾವ ಎರರ್ರೂ ಬರಲ್ಲ, ಸದಸ್ಯರ ಗುರುತಿನ ಚೀಟಿ ಪ್ರಿಂಟ್ ಆದಾಗ ಹೆಸರು ತಪ್ಪಾಗಿರತ್ತೆ. ವಚನ, ಶ್ಲೋಕದ ಕೊನೆಗೆ ಹಾಕೋ ದಂಡ ಕೂಡ ಕನ್ನಡ ಬ್ಲಾಕ್‌ನಲ್ಲಿಲ್ಲ, ಅದು ದೇವನಾಗರಿ ಬ್ಲಾಕ್‌ನಲ್ಲಿ 2404, ಹಳೇ ಪಠ್ಯ ಡಿಜಿಟೈಸ್ ಮಾಡೋರು ಅದನ್ನೂ ನೆನಪಿಡಿ. ತನ್ನ ಹೆಸರು ತಾನು ಬರೆದ ಹಾಗೇ ಉಳೀಬೇಕು ಅನ್ನೋದು ಎಲ್ರ ಹಕ್ಕು, ಅದನ್ನ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಕಿತ್ಕೊಳ್ಳಬಾರದು.

ಹುಡುಕಾಟದಲ್ಲೂ ಇಂಥದ್ದೇ ಇದೆ. "ಕೋ" ಅನ್ನೋದನ್ನ ಕ ಜೊತೆ ಒಂದೇ ಓತ್ವದ ಚಿಹ್ನೆ ಹಾಕಿ ಎರಡು ಸಂಕೇತದಲ್ಲಿ ಬರೀಬಹುದು, ಚಿಹ್ನೆಯನ್ನ ಮೂರಾಗಿ ಬಿಡಿಸಿ ಒಟ್ಟು ನಾಲ್ಕರಲ್ಲೂ ಬರೀಬಹುದು, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. "ಕೋಲಾರ" ಹುಡುಕಿದ್ರೆ ಅರ್ಧ ಜನ ಸಿಗಲ್ಲ. ಸೇವ್ ಮಾಡುವಾಗ್ಲೂ ಹುಡುಕುವಾಗ್ಲೂ ಜಾವಾಸ್ಕ್ರಿಪ್ಟ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎನ್ಎಫ್‌ಸಿ ಅಂತ ಕೊಟ್ಟು ಹಾಯಿಸಿ, ಬಿಡಿಸಿ ಬರೆದಿದ್ದನ್ನ ಅದು ಕೂಡಿಸಿ ಒಂದೇ ರೂಪಕ್ಕೆ ತರತ್ತೆ.

ಟೆಸ್ಟ್ ಬರೀವಾಗ ಬಾಕ್ಸ್‌ಗೆ "ಕಕಕ" ಅಂತ ಹಾಕಿ ಬಿಡಬೇಡಿ. "ರ‍್ಯಾಂಕ್" ಹಾಕಿ, ಸೇವ್ ಮಾಡಿ, ವಾಪಸ್ ತಂದು ಲೆಂತ್, ಅಂದ್ರೆ ಒಟ್ಟು ಎಷ್ಟು ಸಂಕೇತ ಅಂತ, ಕೇಳಿ. 8 ಬರ್ಬೇಕು. 7 ಬಂದ್ರೆ ದಾರಿಯಲ್ಲಿ ಯಾರೋ ಜಾಯ್ನರ್ ತೆಗೆದಿದ್ದಾರೆ. "ಸಾಫ್ಟ್‌ವೇರ್"ಗೆ 11 ಬರ್ಬೇಕು, 10 ಬಂದ್ರೆ ಅಲ್ಲೂ ಅದೇ. ಬ್ರೌಸರ್‌ನಿಂದ ಹೊರಟಾಗ ಎಷ್ಟಿತ್ತು, ಸರ್ವರ್‌ಗೆ ಬಂದಾಗ ಎಷ್ಟು, ಡೇಟಾಬೇಸ್‌ನಿಂದ ತೆಗೆದಾಗ ಎಷ್ಟು ಅಂತ ಮೂರು ಕಡೆ ಲೆಂತ್ ಪ್ರಿಂಟ್ ಮಾಡಿ ನೋಡಿ, ಎಲ್ಲಿ ಸಂಖ್ಯೆ ಇಳೀತೋ ಆ ಎರಡರ ನಡುವಿನ ಕೋಡ್ ತೆರೀರಿ.